ಯಾರಿಗೆ ಮೊದಲು, ಯಾರಿಗೆ ಆಮೇಲೆ: ಮಹಾಯುತಿ ಸರ್ಕಾರದ ಆದ್ಯತೆಗಳು ಮತ್ತು ಮುಂಬಯಿ ಕನ್ನಡಿಗರು

2024ರ ಲೋಕಸಭಾ ಚುನಾವಣೆಯಲ್ಲಿ ಮಹಾರಾಷ್ಟ್ರದ 48 ಸ್ಥಾನಗಳಲ್ಲಿ ಬರೀ 17ನ್ನು ಗೆದ್ದು ಮುಖಭಂಗ ಅನುಭವಿಸಿದ್ದ ಮಹಾಯುತಿ ಮೈತ್ರಿಕೂಟ, ಆರು ತಿಂಗಳು ತುಂಬುವುದರೊಳಗೆ ಅದೇ ಮತದಾರರಿಂದ ವಿಧಾನಸಭೆಯ 288 ಸ್ಥಾನಗಳ ಪೈಕಿ 230ನ್ನು ಪಡೆಯಿತು. ಭಾರತೀಯ ಜನತಾ ಪಕ್ಷಕ್ಕೆ 132, ಏಕನಾಥ ಶಿಂದೆಯವರ ಶಿವಸೇನೆಗೆ 57, ಅಜಿತ್ ಪವಾರರ ರಾಷ್ಟ್ರವಾದಿ ಕಾಂಗ್ರೆಸ್ಸಿಗೆ 41 ಸ್ಥಾನ ಬಂದವು. ಡಿಸೆಂಬರ್ 5ರಂದು ಆಜಾದ್ ಮೈದಾನದಲ್ಲಿ ದೇವೇಂದ್ರ ಫಡಣವೀಸರು ಮೂರನೆಯ ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅಲ್ಲಿಯವರೆಗೆ ಮುಖ್ಯಮಂತ್ರಿಯಾಗಿದ್ದ ಶಿಂದೆ ಉಪಮುಖ್ಯಮಂತ್ರಿಯಾದರು, ಪವಾರರು ಉಪಮುಖ್ಯಮಂತ್ರಿಯಾಗಿಯೇ ಮುಂದುವರಿದರು. ಕುರ್ಚಿಗಳು ಅದಲುಬದಲಾದವೇ ಹೊರತು ಆಳುವವರು ಬದಲಾಗಲಿಲ್ಲ. ಹೊಸದಾಗಿ ಅಧಿಕಾರಕ್ಕೆ ಬಂದ ಯಾವುದೇ ಸರ್ಕಾರ ಮೊದಲ ವರ್ಷದಲ್ಲಿ ಹೇಳುವ ಮಾತೊಂದಿದೆ: ಹಿಂದಿನವರು ಬೊಕ್ಕಸ ಬರಿದು ಮಾಡಿ ಹೋಗಿದ್ದಾರೆ. ಮರಳಿ ಆರಿಸಿ ಬಂದ ಸರ್ಕಾರಕ್ಕೆ ಆ ಸೌಕರ್ಯ ಇರುವುದಿಲ್ಲ.

ಸರ್ಕಾರದ ಆದ್ಯತೆಗಳನ್ನು ತಿಳಿಯಲು ರಾಜ್ಯಪಾಲರ ಭಾಷಣವನ್ನು ಓದಿ ಹೆಚ್ಚು ಪ್ರಯೋಜನವಿಲ್ಲ. ಅದರಲ್ಲಿ ರೈತ, ಮಹಿಳೆ, ಯುವಜನ, ಉದ್ಯಮ, ಹೆದ್ದಾರಿ ಎಲ್ಲಕ್ಕೂ ಸಮಾನ ಜಾಗವಿರುತ್ತದೆ. ಹಣ ಸಾಲದಾದಾಗ ಯಾರ ಪಾಲು ತಪ್ಪದೆ ಸಂದಾಯವಾಯಿತು, ಯಾರಿಗೆ ಕಾಯುವಂತೆ ಹೇಳಲಾಯಿತು, ಕೊರತೆಯನ್ನು ತುಂಬಲು ಯಾರ ಕಡೆ ಕೈ ಚಾಚಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. ಈ ಸರ್ಕಾರದ ಮೊದಲ ವರ್ಷವನ್ನು ಹಾಗೆ ನೋಡಿದರೆ, ಮುಂಬಯಿಯ ಕನ್ನಡಿಗರಿಗೆ ಆ ಮೂರೂ ಪ್ರಶ್ನೆಗಳಲ್ಲಿ ತಮ್ಮದೇ ಮುಖ ಅಲ್ಲಲ್ಲಿ ಕಾಣಿಸೀತು.

ಮೊದಲನೆಯ ಪ್ರಶ್ನೆಯ ಉತ್ತರ ಎಲ್ಲರಿಗೂ ಗೊತ್ತಿರುವ ಲಾಡ್ಕಿ ಬಹೀಣ್ ಯೋಜನೆ. ಲೋಕಸಭೆಯ ಸೋಲಿನ ಬೆನ್ನಲ್ಲೇ, 2024ರ ಜೂನ್ ಕೊನೆಯ ಬಜೆಟ್ಟಿನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ 21ರಿಂದ 65 ವರ್ಷದ, ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಸಿಗುತ್ತದೆ. ಜುಲೈಯಿಂದ ನವೆಂಬರ್ ತನಕದ ಐದು ಕಂತುಗಳ 7,500 ರೂಪಾಯಿ ಚುನಾವಣೆಯ ನೀತಿ ಸಂಹಿತೆ ಜಾರಿಯಾಗುವ ಹೊತ್ತಿಗೆ ಬಹುಪಾಲು ಮಹಿಳೆಯರ ಖಾತೆಗಳನ್ನು ಸೇರಿತ್ತು. ಹೊರರಾಜ್ಯದಲ್ಲಿ ಹುಟ್ಟಿ, ಇಲ್ಲಿನ ನಿವಾಸಿಯನ್ನು ಮದುವೆಯಾಗಿ ಬಂದ ಮಹಿಳೆ ತನ್ನ ಗಂಡನ ದಾಖಲೆಗಳನ್ನು ತೋರಿಸಿದರೆ ಸಾಕು ಎಂಬ ಸಡಿಲಿಕೆಯನ್ನೂ ಬೇಗನೆ ಮಾಡಿದ್ದರಿಂದ, ದಕ್ಷಿಣ ಕನ್ನಡದಿಂದಲೋ ಕಲಬುರಗಿಯಿಂದಲೋ ಮದುವೆಯಾಗಿ ಬಂದವರಿಗೂ ಬಾಗಿಲು ತೆರೆಯಿತು. ಪ್ರಣಾಳಿಕೆಯಲ್ಲಿ ಈ ಮೊತ್ತವನ್ನು 2,100ಕ್ಕೆ ಏರಿಸುವ ಭರವಸೆ ಇತ್ತು.

2025ರ ಮಾರ್ಚ್ 10ರಂದು ಹಣಕಾಸು ಸಚಿವರಾಗಿ ಪವಾರರು ಮಂಡಿಸಿದ ಬಜೆಟ್ಟಿನಲ್ಲಿ ಆ 2,100ರ ಸುದ್ದಿಯೇ ಇರಲಿಲ್ಲ. ಯೋಜನೆಗೆ ಇಟ್ಟದ್ದು 36,000 ಕೋಟಿ ರೂಪಾಯಿ. ಘೋಷಣೆಯ ಸಮಯದಲ್ಲಿ ಹೇಳಿದ್ದ ವಾರ್ಷಿಕ ವೆಚ್ಚ 46,000 ಕೋಟಿ. ಇಲ್ಲೊಂದು ಸರಳ ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ತಿಂಗಳಿಗೆ 1,500ರಂತೆ ಹನ್ನೆರಡು ತಿಂಗಳು ಕೊಡುವುದಾದರೆ 36,000 ಕೋಟಿ ಸಾಲುವುದು ಸರಿಯಾಗಿ ಎರಡು ಕೋಟಿ ಮಹಿಳೆಯರಿಗೆ. ಚುನಾವಣೆಯ ಹೊತ್ತಿಗೆ ಫಲಾನುಭವಿಗಳ ಸಂಖ್ಯೆ ಎರಡೂವರೆ ಕೋಟಿಯ ಆಸುಪಾಸಿನಲ್ಲಿತ್ತು. ಅಂದರೆ ಪಟ್ಟಿ ಕಿರಿದಾಗಲಿದೆ ಎಂಬ ಸೂಚನೆ ಬಜೆಟ್ಟಿನ ಅಂಕಿಯಲ್ಲೇ ಅಡಗಿತ್ತು. ಅದೇ ಎರಡು ಕೋಟಿ ಜನಕ್ಕೆ 2,100 ಕೊಡಬೇಕಾದರೆ ವರ್ಷಕ್ಕೆ 50,400 ಕೋಟಿ ಬೇಕು.

ಪಟ್ಟಿ ಕಿರಿದಾಯಿತು ಕೂಡ. 26 ಲಕ್ಷಕ್ಕೂ ಹೆಚ್ಚು ಮಂದಿ ಅನರ್ಹರೆಂದು ಕಂಡುಬಂದು ಅವರ ಹಣವನ್ನು ತಡೆಹಿಡಿಯಲಾಗಿದೆ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಚಿವೆ ಅದಿತಿ ತಟ್ಕರೆಯವರು 2025ರ ಜುಲೈನಲ್ಲಿ ತಿಳಿಸಿದರು. ಗಂಡಸರು ಕೂಡ ಹಣ ಪಡೆದಿದ್ದರೆಂಬುದು ಆ ಪರಿಶೀಲನೆಯಲ್ಲಿ ಹೊರಬಂದ ಸಂಗತಿ. ಸೆಪ್ಟೆಂಬರಿನಲ್ಲಿ ಇ-ಕೆವೈಸಿ, ಅಂದರೆ ಗುರುತಿನ ಆನ್‌ಲೈನ್ ದೃಢೀಕರಣ, ಕಡ್ಡಾಯವಾಗಿ, ಮಹಿಳೆಯ ಆಧಾರ್ ಜೊತೆಗೆ ಗಂಡನ ಅಥವಾ ತಂದೆಯ ಆಧಾರ್ ಕೂಡ ಬೇಕಾಯಿತು. ಅನರ್ಹರನ್ನು ಕೈಬಿಡುವುದು ತಪ್ಪಲ್ಲ, ಆಗಲೇಬೇಕಾದ ಕೆಲಸ. ಆದರೆ ಷರತ್ತುಗಳೆಲ್ಲ ಮೊದಲ ದಿನದಿಂದಲೇ ಇದ್ದವು; ಅವುಗಳ ಪಾಲನೆ ಶುರುವಾದದ್ದು ಮಾತ್ರ ಮತ ಎಣಿಕೆ ಮುಗಿದ ಮೇಲೆ. ಪಂಕ್ತಿಯ ಊಟವನ್ನೆಲ್ಲ ಬಡಿಸಿಯಾದ ಬಳಿಕ ಕರೆಯೋಲೆ ತೋರಿಸಿ ಎಂದಂತಿದೆ ಇದು.

ಇದೇ ವಿಷಯದಲ್ಲಿ ಕರ್ನಾಟಕದ ಹೆಸರು ಇಲ್ಲಿನ ಪ್ರಚಾರದಲ್ಲಿ ಬಹಳ ಓಡಾಡಿತು. ಅಲ್ಲಿನ ಗ್ಯಾರಂಟಿಗಳು ಬೊಕ್ಕಸವನ್ನು ಮುಳುಗಿಸಿವೆ ಎಂದು ಮಹಾಯುತಿಯವರು ಜಾಹೀರಾತು ಕೊಟ್ಟರು, ಅದನ್ನು ಅಲ್ಲಗಳೆಯಲು ಕರ್ನಾಟಕದ ಕಾಂಗ್ರೆಸ್ ನಾಯಕರು ಮುಂಬಯಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದರು. ಮನೆಯ ಯಜಮಾನಿಗೆ 2,000 ಕೊಡುವ ಗೃಹಲಕ್ಷ್ಮಿಯನ್ನು ದೂಷಿಸುತ್ತಲೇ ಮನೆಯ ಮಹಿಳೆಯರಿಗೆ 2,100ರ ಭರವಸೆ ಕೊಡುವುದರಲ್ಲಿ ಯಾರಿಗೂ ಮುಜುಗರವಾದಂತೆ ಕಾಣಲಿಲ್ಲ. ಎರಡೂ ಕಡೆಯ ಬಂಧುಬಳಗದ ಖಾತೆಗಳಿಗೆ ಎರಡು ಬಣ್ಣದ ಸರ್ಕಾರಗಳು ಹಣ ಹಾಕುತ್ತಿರುವುದನ್ನು ನೋಡುವ ನಮ್ಮಂಥವರಿಗೆ, ಈ ಜಗಳದಲ್ಲಿ ಸಿದ್ಧಾಂತಕ್ಕಿಂತ ಸಮಯದ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಕಾಯುವ ಸಾಲಿನಲ್ಲಿ ನಿಂತವರ ಪಟ್ಟಿ ಉದ್ದವಿದೆ. 2025–26ರ ಬಜೆಟ್ಟಿನ ಒಟ್ಟು ಗಾತ್ರ 7,00,020 ಕೋಟಿ, ಅದರಲ್ಲಿ ರಾಜಸ್ವ ಕೊರತೆ 45,891 ಕೋಟಿ, ವಿತ್ತೀಯ ಕೊರತೆ 1,36,234 ಕೋಟಿ. ವರ್ಷಾಂತ್ಯಕ್ಕೆ ಸಾಲದ ಅಂದಾಜು 9.3 ಲಕ್ಷ ಕೋಟಿ. ರಾಜ್ಯದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಸಾಲ ಇನ್ನೂ ನಿಗದಿತ ಮಿತಿಯ ಒಳಗೇ ಇದೆ ಎಂಬ ಸರ್ಕಾರದ ಸಮರ್ಥನೆ ಸುಳ್ಳಲ್ಲ. ಆದರೆ ರಾಜಸ್ವ ಕೊರತೆ ಎಂದರೆ ದೈನಂದಿನ ಖರ್ಚಿಗೇ ಸಾಲ ಮಾಡುವುದು. ಅದನ್ನು ದೇಶದ ಅತಿ ದೊಡ್ಡ ಆರ್ಥಿಕತೆಯ ರಾಜ್ಯ ಮಾಡುತ್ತಿದೆ ಎಂಬುದು ಗಮನಿಸಬೇಕಾದ ಸಂಗತಿ. ಹಬ್ಬಗಳ ಸಮಯದಲ್ಲಿ ಪಡಿತರದಾರರಿಗೆ ಕೊಡುತ್ತಿದ್ದ ಆನಂದಾಚಾ ಶಿಧಾ ಎಂಬ ದಿನಸಿ ಕಿಟ್ ನಿಂತಿತು. ಸಾಮಾಜಿಕ ನ್ಯಾಯ ಇಲಾಖೆಯ ಹಣವನ್ನು ಲಾಡ್ಕಿ ಬಹೀಣ್ ಯೋಜನೆಗೆ ತಿರುಗಿಸಿದ್ದಕ್ಕೆ ಆ ಇಲಾಖೆಯ ಸಚಿವ ಸಂಜಯ್ ಶಿರ್ಸಾಟ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ಪರಿಶಿಷ್ಟರಿಗೆಂದು ಎತ್ತಿಟ್ಟ ಹಣದಿಂದ ಎಲ್ಲ ವರ್ಗದ ಮಹಿಳೆಯರ ಯೋಜನೆಯನ್ನು ನಡೆಸುವುದು ನನ್ನ ದೃಷ್ಟಿಯಲ್ಲಿ ಈ ವರ್ಷದ ಅತ್ಯಂತ ಕೆಟ್ಟ ನಿರ್ಧಾರ. ಸಚಿವರೇ ಪ್ರತಿಭಟಿಸಿದರೂ ಅದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ.

ಮೂರನೆಯ ಪ್ರಶ್ನೆಗೆ, ಅಂದರೆ ಹಣ ಯಾರಿಂದ ಎಂಬುದಕ್ಕೆ, ಮುಂಬಯಿಯಲ್ಲಿ ಸಿಕ್ಕ ಉತ್ತರ ನೇರವಾಗಿ ನಮ್ಮವರ ಗಲ್ಲಾಪೆಟ್ಟಿಗೆಯ ಬಳಿ ಬಂದು ನಿಲ್ಲುತ್ತದೆ. 2025ರ ಜೂನ್ 10ರಂದು ಸಚಿವ ಸಂಪುಟ ಮದ್ಯದ ಮೇಲಿನ ಅಬಕಾರಿ ಸುಂಕವನ್ನು ಏರಿಸಿತು. ಭಾರತದಲ್ಲಿ ತಯಾರಾಗುವ ವಿದೇಶಿ ಮಾದರಿಯ ಮದ್ಯಕ್ಕೆ ತಯಾರಿಕಾ ವೆಚ್ಚದ ಮೂರು ಪಟ್ಟು ಇದ್ದ ಸುಂಕ ನಾಲ್ಕೂವರೆ ಪಟ್ಟಾಯಿತು. ಸರ್ಕಾರ ಇದರಿಂದ ನಿರೀಕ್ಷಿಸಿದ ಹೆಚ್ಚುವರಿ ವರಮಾನ 14,000 ಕೋಟಿ. ಪರ್ಮಿಟ್ ರೂಮ್‌ಗಳಲ್ಲಿ, ಅಂದರೆ ಕುಳಿತು ಕುಡಿಯಲು ಪರವಾನಗಿಯಿರುವ ಜಾಗಗಳಲ್ಲಿ, ಮಾರುವ ಮದ್ಯದ ಮೇಲಿನ ವ್ಯಾಟ್ ಅದಾಗಲೇ ಶೇ. 5ರಿಂದ 10ಕ್ಕೆ ಏರಿತ್ತು, ಪರವಾನಗಿ ಶುಲ್ಕವೂ ಶೇ. 15ರಷ್ಟು ಹೆಚ್ಚಿತ್ತು. ಮುಂಬಯಿಯ ಹೋಟೆಲು ಮಾಲೀಕರ ಸಂಘಟನೆಯಾದ ಆಹಾರ್ ಜುಲೈ 14ರಂದು ಬಾರು, ಪರ್ಮಿಟ್ ರೂಮ್‌ಗಳನ್ನು ಮುಚ್ಚಿ ಪ್ರತಿಭಟಿಸಲು ಕರೆ ಕೊಟ್ಟಿತು.

ಈ ಉದ್ಯಮದಲ್ಲಿ ಕರಾವಳಿಯ ತುಳು-ಕನ್ನಡಿಗರ ಪಾಲು ಎಷ್ಟೆಂದು ಮುಂಬಯಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ತಲೆಮಾರು ಕಟ್ಟಿದ ವ್ಯವಹಾರ ಇದು. ಮಾಟುಂಗಾದ ಇಡ್ಲಿ ಹೋಟೆಲಿನಿಂದ ಉಪನಗರದ ಪರ್ಮಿಟ್ ರೂಮಿನ ತನಕ ಅದರ ಕೊಂಬೆಗಳು ಹರಡಿವೆ. ಮದ್ಯದ ಮೇಲೆ ತೆರಿಗೆ ಹಾಕಿದರೆ ಸಾಮಾನ್ಯ ಓದುಗನ ಅನುಕಂಪ ಮಾಲೀಕನ ಕಡೆ ಹೋಗುವುದಿಲ್ಲ, ಸರ್ಕಾರಕ್ಕೂ ಇದು ಗೊತ್ತು. ಆದರೆ ಸುಂಕದ ಭಾರ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದನ್ನು ನೋಡಬೇಕು. ವೈನ್ ಶಾಪಿನಲ್ಲಿ ಬಾಟಲಿ ಕೊಂಡು ಮನೆಗೆ ಹೋಗುವ ಗ್ರಾಹಕ ಏರಿದ ಸುಂಕವನ್ನಷ್ಟೇ ತೆರುತ್ತಾನೆ. ಪರ್ಮಿಟ್ ರೂಮಿನಲ್ಲಿ ಕುಳಿತು ಕುಡಿಯುವವನು ಅದರ ಮೇಲೆ ವ್ಯಾಟನ್ನೂ, ಬಾಡಿಗೆ, ಸಂಬಳ, ಪರವಾನಗಿಯ ಪಾಲನ್ನೂ ತೆರಬೇಕು. ಬೆಲೆ ಏರಿದಷ್ಟೂ ಎರಡರ ನಡುವಿನ ಅಂತರ ಹಿಗ್ಗುತ್ತದೆ, ಮಧ್ಯಮ ದರ್ಜೆಯ ಪರ್ಮಿಟ್ ರೂಮಿನ ಗಿರಾಕಿ ಮನೆಯ ದಾರಿ ಹಿಡಿಯುತ್ತಾನೆ. ಪಂಚತಾರಾ ಹೋಟೆಲಿಗೆ ಇದು ತಟ್ಟುವುದು ಕಡಿಮೆ. ತಟ್ಟುವುದು ಊರಿನಿಂದ ಬಂದು ಕೆಲಸಕ್ಕಿರುವ ಹತ್ತಿಪ್ಪತ್ತು ಹುಡುಗರಿಗೆ ಊಟ-ವಸತಿ ಕೊಟ್ಟು ನಡೆಸುವ ಮಾಲೀಕನಿಗೆ, ಆಮೇಲೆ ಆ ಹುಡುಗರಿಗೆ.

ಪ್ರಯಾಣದ ದರಗಳೂ ಇದೇ ಅವಧಿಯಲ್ಲಿ ಏರಿದವು. ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸಿನ ದರ 2025ರ ಜನವರಿಯಲ್ಲಿ ಶೇ. 14.95ರಷ್ಟು ಹೆಚ್ಚಿತು, ಫೆಬ್ರವರಿಯಲ್ಲಿ ರಿಕ್ಷಾದ ಕನಿಷ್ಠ ದರ 23ರಿಂದ 26ಕ್ಕೆ, ಟ್ಯಾಕ್ಸಿಯದು 28ರಿಂದ 31ಕ್ಕೆ ಹೋಯಿತು, ಮೇ ತಿಂಗಳಲ್ಲಿ ನಗರ ಸಾರಿಗೆಯ ಬೆಸ್ಟ್ ಬಸ್ಸಿನ ಕನಿಷ್ಠ ದರ 5ರಿಂದ 10 ರೂಪಾಯಿಯಾಯಿತು. ಚುನಾವಣೆಗೆ ಒಂದು ತಿಂಗಳಿರುವಾಗ, 2024ರ ಅಕ್ಟೋಬರಿನಲ್ಲಿ, ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರುಗಳಿಗೆ ಟೋಲ್ ಮನ್ನಾ ಮಾಡಲಾಗಿತ್ತು. ಕಾರಿನವನಿಗೆ ಚುನಾವಣೆಯ ಮೊದಲು ಸಿಕ್ಕ ರಿಯಾಯಿತಿ ಉಳಿದುಕೊಂಡಿದೆ, ಬಸ್ಸಿನವನು ಚುನಾವಣೆಯ ಬಳಿಕ ಇಮ್ಮಡಿ ಕೊಡುತ್ತಿದ್ದಾನೆ.

ಯಾವುದಕ್ಕೂ ಕಾಯದೆ ಮುಂದುವರಿದದ್ದು ಕಾಂಕ್ರೀಟಿನ ಕೆಲಸ. ಮುಂಬಯಿ-ನಾಗಪುರ ನಡುವಿನ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ 2025ರ ಜೂನ್ 5ರಂದು ಸಂಚಾರಕ್ಕೆ ತೆರೆಯಿತು. ಅಕ್ಟೋಬರ್ 8ರಂದು ನವಿ ಮುಂಬಯಿ ವಿಮಾನ ನಿಲ್ದಾಣವೂ 33.5 ಕಿಲೋಮೀಟರ್ ಉದ್ದದ ಭೂಗತ ಮೆಟ್ರೊ ಮಾರ್ಗದ ಕೊನೆಯ ಹಂತವೂ ಒಟ್ಟಿಗೆ ಉದ್ಘಾಟನೆಗೊಂಡವು. ಪಾಲ್ಘರ್ ಜಿಲ್ಲೆಯ ವಾಢವಣ ಬಂದರಿನ ಯೋಜನಾ ವೆಚ್ಚ 76,000 ಕೋಟಿಗೂ ಹೆಚ್ಚು. ಫಡಣವೀಸರ ಮನಸ್ಸು ನಿಜವಾಗಿ ಇರುವುದು ಇಲ್ಲಿ ಎಂದು ನನ್ನ ಅಂದಾಜು. ಇಲಾಖೆಗಳಿಗೆ ನೂರು ದಿನಗಳ ಗುರಿ ಕೊಟ್ಟು, ಅಂಕ ಹಾಕಿಸಿ, ಫಲಿತಾಂಶ ಪ್ರಕಟಿಸಿದ ಕ್ರಮದಲ್ಲೂ ಯೋಜನೆಯನ್ನು ಗಡುವಿನೊಳಗೆ ಮುಗಿಸುವವನ ಸ್ವಭಾವವೇ ಕಾಣುತ್ತದೆ. ನಾಗಪುರದ ಕಡೆಯಿಂದ ಗೋವಾ ಗಡಿಯ ಪತ್ರಾದೇವಿಗೆ ಹೋಗುವ 802 ಕಿಲೋಮೀಟರ್ ಉದ್ದದ ಶಕ್ತಿಪೀಠ ಮಹಾಮಾರ್ಗದ ಕತೆ ಇನ್ನೂ ಬೋಧಪ್ರದ: ಕೊಲ್ಹಾಪುರದ ರೈತರ ವಿರೋಧಕ್ಕೆ ಮಣಿದು ಚುನಾವಣೆಯ ಮೊದಲು ಅಲ್ಲಿನ ಭೂಸ್ವಾಧೀನದ ಅಧಿಸೂಚನೆಯನ್ನು ರದ್ದುಪಡಿಸಿದ್ದ ಸರ್ಕಾರ, 2025ರ ಜೂನ್ 24ರಂದು ಭೂಮಿ ಮತ್ತು ಪೂರ್ವಸಿದ್ಧತೆಗೆ 20,787 ಕೋಟಿಗೆ ಸಂಪುಟದ ಒಪ್ಪಿಗೆ ಪಡೆಯಿತು. ಇಂಥ ಕಾಮಗಾರಿಗಳಿಗೆ ಹಣ ಬಹುಮಟ್ಟಿಗೆ ನಿಗಮಗಳ ಸಾಲದ ಮೂಲಕ ಬರುವುದರಿಂದ ಬಜೆಟ್ಟಿನ ಕೊರತೆಯಲ್ಲಿ ಅದರ ಪೂರ್ತಿ ಭಾರ ಕಾಣಿಸುವುದಿಲ್ಲ. ರಸ್ತೆಗೂ ಮಹಿಳೆಯರ ಮಾಸಾಶನಕ್ಕೂ ನಡುವೆ ನೇರ ಪೈಪೋಟಿ ಏಳದಿರುವುದಕ್ಕೆ ಇದೂ ಒಂದು ಕಾರಣ.

ಧಾರಾವಿಯ ಪುನರ್ವಿಕಾಸದಲ್ಲಿ ಮೌಲ್ಯದ ಪ್ರಶ್ನೆ ಒಂದು ದಿನಾಂಕದಲ್ಲಿ ಅಡಗಿದೆ. 2000ದ ಜನವರಿ 1ಕ್ಕೆ ಮೊದಲು ನೆಲಮಟ್ಟದ ಮನೆಯಲ್ಲಿ ವಾಸವಿದ್ದವರಿಗೆ ಧಾರಾವಿಯಲ್ಲೇ 350 ಚದರಡಿಯ ಉಚಿತ ಮನೆ. ಆಮೇಲೆ ಬಂದವರಿಗೂ ಮೇಲಂತಸ್ತಿನವರಿಗೂ ಬೇರೆಡೆ, ಹಣಕ್ಕೆ ಅಥವಾ ಬಾಡಿಗೆಗೆ. ಚರ್ಮದ ಕೆಲಸ, ಹೊಲಿಗೆ, ಕುಂಬಾರಿಕೆಯಂತಹ ಕಸುಬುಗಳು ನಡೆಯುವುದು ಮನೆಯೂ ಕಾರ್ಖಾನೆಯೂ ಒಂದೇ ಆಗಿರುವ ಅಟ್ಟಗಳಲ್ಲಿ. ಅಟ್ಟದವನನ್ನು ಊರಾಚೆಗೆ ಕಳಿಸಿದರೆ ಕೆಳಗಿನವನ ಕಸುಬೂ ಅರ್ಧವಾಗುತ್ತದೆ.

ಇಷ್ಟು ದೊಡ್ಡ ಬಹುಮತದ ಸರ್ಕಾರ ಸ್ಪಷ್ಟವಾಗಿ ಹಿಂದೆ ಸರಿದದ್ದು ಭಾಷೆಯ ವಿಷಯದಲ್ಲಿ. 2025ರ ಏಪ್ರಿಲ್ 16ರ ಆದೇಶ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಡ್ಡಾಯಗೊಳಿಸಿತು. ವಿರೋಧ ಎದ್ದಾಗ, ಜೂನ್ 17ರ ತಿದ್ದುಪಡಿ ಕಡ್ಡಾಯ ಎಂಬ ಮಾತನ್ನು ಕೈಬಿಟ್ಟು, ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಕೇಳಿದರೆ ಬೇರೆ ಭಾರತೀಯ ಭಾಷೆಯನ್ನು ಕಲಿಸಬಹುದೆಂದಿತು. ಜೂನ್ 29ರಂದು, ಅಧಿವೇಶನದ ಮುನ್ನಾದಿನ, ಎರಡೂ ಆದೇಶಗಳು ರದ್ದಾದವು. ವಿಷಯ ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅವರ ಸಮಿತಿಗೆ ಹೋಯಿತು. ಜುಲೈ 5ರಂದು ವರ್ಲಿಯಲ್ಲಿ ಉದ್ಧವ್ ಮತ್ತು ರಾಜ್ ಠಾಕ್ರೆ ವರ್ಷಗಳ ಬಳಿಕ ಒಂದೇ ವೇದಿಕೆಗೆ ಬಂದರು. ವಿಧಾನಸಭೆಯಲ್ಲಿ 20 ಶಾಸಕರಿದ್ದ ಉದ್ಧವರ ಪಕ್ಷವೂ ಒಬ್ಬ ಶಾಸಕನೂ ಇಲ್ಲದ ರಾಜ್ ಅವರ ಪಕ್ಷವೂ ಸೇರಿ 230ರ ಸರ್ಕಾರವನ್ನು ಬಾಗಿಸಿದವು ಎಂಬುದು ಇದರ ರಾಜಕೀಯ ಅರ್ಥ.

ಈ ಗದ್ದಲದಲ್ಲಿ ಯಾರೂ ಹೆಚ್ಚು ಗಮನಿಸದ ಸಂಗತಿಯೊಂದು ನಮ್ಮ ಮಕ್ಕಳದು. ಮುಂಬಯಿ ಮಹಾನಗರ ಪಾಲಿಕೆ ನಡೆಸುವ ಶಾಲೆಗಳ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಅಲ್ಲಿನ ಮಗು ಮೊದಲಿನಿಂದಲೇ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಓದುತ್ತದೆ. ಆರು ವರ್ಷದ ಮಗುವಿಗೆ ಮೂರು ಭಾಷೆ ಹೊರೆಯಾಗುತ್ತದೆ ಎಂಬ ವಾದ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಮಕ್ಕಳ ಪರವಾಗಿ ಬಿರುಸಾಗಿ ಕೇಳಿಬಂದಾಗ, ಅದೇ ಹೊರೆಯನ್ನು ಅಲ್ಪಸಂಖ್ಯಾತ ಭಾಷೆಗಳ ಮಕ್ಕಳು ಯಾವ ಪ್ರತಿಭಟನೆಯೂ ಇಲ್ಲದೆ ಹೊರುತ್ತಿರುವುದನ್ನು ಯಾರೂ ಎತ್ತಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ನೆಲೆಸಿದವರ ಮಕ್ಕಳು ಮರಾಠಿ ಕಲಿಯುವುದು ನ್ಯಾಯವೂ ಹೌದು, ಅವರಿಗೇ ಲಾಭವೂ ಹೌದು. ಆದರೆ 20 ಮಕ್ಕಳ ನಿಯಮದ ಮೂಲಕ ಇಂಗ್ಲಿಷ್ ಶಾಲೆಯ ಕನ್ನಡಿಗ ಮಗುವಿಗೆ ಕನ್ನಡ ಸಿಗಬಹುದಿತ್ತು ಎಂದು ಯಾರಾದರೂ ಆಸೆಪಟ್ಟಿದ್ದರೆ, ಒಂದೇ ಶಾಲೆಯ ಒಂದೇ ತರಗತಿಯಲ್ಲಿ ಅಷ್ಟು ಕನ್ನಡದ ಮಕ್ಕಳು ಮುಂಬಯಿಯ ಎಷ್ಟು ಕಡೆ ಇದ್ದಾರೆ ಎಂಬುದನ್ನೂ ಯೋಚಿಸಬೇಕು.

ಬೀದಿಯಲ್ಲಿ ಸಿಕ್ಕಷ್ಟು ವಿರೋಧ ಸದನದಲ್ಲಿ ಸಿಗಲಿಲ್ಲ. ಶೇ. 10ರಷ್ಟು, ಅಂದರೆ 29 ಸ್ಥಾನ, ಯಾವ ವಿರೋಧ ಪಕ್ಷಕ್ಕೂ ಬಾರದ ಕಾರಣ ವಿಧಾನಸಭೆಯ ವಿರೋಧ ಪಕ್ಷದ ನಾಯಕನ ಸ್ಥಾನ ಖಾಲಿ ಉಳಿಯಿತು. ನಗರದ ಮಾವೋವಾದಿ ಸಂಘಟನೆಗಳನ್ನು ಹತ್ತಿಕ್ಕಲೆಂದು ತಂದ ಜನಸುರಕ್ಷಾ ಮಸೂದೆಗೆ 12,000ಕ್ಕೂ ಹೆಚ್ಚು ಸಲಹೆ-ಆಕ್ಷೇಪಗಳು ಬಂದಿದ್ದರೂ, 2025ರ ಜುಲೈ 10ರಂದು ವಿಧಾನಸಭೆಯಲ್ಲಿ ಅದು ಸುಲಭವಾಗಿ ಅಂಗೀಕಾರಗೊಂಡಿತು. ಮುಂಬಯಿ ಮಹಾನಗರ ಪಾಲಿಕೆಯ ಸ್ಥಿತಿ ಇದಕ್ಕಿಂತ ವಿಚಿತ್ರವಾಗಿತ್ತು: 227 ನಗರಸೇವಕರ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರ, ಅವಧಿ 2022ರ ಮಾರ್ಚ್ 7ಕ್ಕೆ ಮುಗಿದ ಮೇಲೆ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು, 2025–26ರ 74,427 ಕೋಟಿಯ ಬಜೆಟ್ಟನ್ನು ಒಬ್ಬನೇ ಒಬ್ಬ ಚುನಾಯಿತ ಸದಸ್ಯನ ಮತವಿಲ್ಲದೆ ಮಂಜೂರು ಮಾಡಲಾಯಿತು. ಸ್ಥಳೀಯ ಚುನಾವಣೆಗಳನ್ನು ನಡೆಸಿ ಎಂದು ಹೇಳಲು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು, ಆ ಗಡುವನ್ನೂ ಮುಂದೆ 2026ರ ಜನವರಿ 31ರ ತನಕ ವಿಸ್ತರಿಸಬೇಕಾಯಿತು.

ರೈತರ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಸಾಲಮನ್ನಾ ಪ್ರಣಾಳಿಕೆಯಲ್ಲಿದ್ದರೂ, ಬೆಳೆಸಾಲದ ಕಂತನ್ನು ಮಾರ್ಚ್ 31ರೊಳಗೆ ಕಟ್ಟಿಬಿಡಿ ಎಂದು 2025ರ ಮಾರ್ಚ್ ಕೊನೆಯಲ್ಲಿ ಪವಾರರು ಹೇಳಿದರು. ಸೆಪ್ಟೆಂಬರಿನ ಅತಿವೃಷ್ಟಿಯಲ್ಲಿ ಮರಾಠವಾಡದ ಹೊಲಗಳು ಮಣ್ಣುಸಮೇತ ಕೊಚ್ಚಿಹೋದ ಬಳಿಕ 31,628 ಕೋಟಿಯ ಪರಿಹಾರ ಪ್ಯಾಕೇಜು ಘೋಷಣೆಯಾಯಿತು. ಅಕ್ಟೋಬರ್ ಕೊನೆಗೆ ಬಚ್ಚು ಕಡು ಅವರ ನೇತೃತ್ವದಲ್ಲಿ ರೈತರು ನಾಗಪುರದಲ್ಲಿ ಹೆದ್ದಾರಿ ತಡೆದು ಕುಳಿತ ಮೇಲಷ್ಟೇ, ಸಾಲಮನ್ನಾದ ನಿರ್ಧಾರವನ್ನು 2026ರ ಜೂನ್ 30ರೊಳಗೆ ಮಾಡುವುದಾಗಿ ಮುಖ್ಯಮಂತ್ರಿ ಒಪ್ಪಿದರು. ಹೆದ್ದಾರಿಯಲ್ಲಿ ಕುಳಿತವರಿಗೆ ಒಂದು ದಿನಾಂಕವಾದರೂ ದೊರೆಯಿತು. ಸುಂಕ ಇಳಿಸಿ ಎಂದು ಒಂದು ದಿನ ಬಾಗಿಲು ಮುಚ್ಚಿದ ಪರ್ಮಿಟ್ ರೂಮಿನವರಿಗಾಗಲಿ, 2,100ರ ಕಂತಿಗೆ ಕಾದಿರುವ ಮಹಿಳೆಯರಿಗಾಗಲಿ ಮೊದಲ ವರ್ಷದಲ್ಲಿ ಅದೂ ಸಿಗಲಿಲ್ಲ.